ವಿಶ್ವೇಶ್ವರಯ್ಯ ಓದಿದ ಕಾಲೇಜಿನ ಪುಟ್ಟ ಉಪಗ್ರಹ

ಪುಣೆಯ ಸಿಒಇಪಿ ಎಂಜಿನಿಯರಿಂಗ್ ಕಾಲೇಜು ಕನ್ನಡಿಗರಿಗೆ ಹತ್ತಿರದ್ದು. 1854ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಓದಿ, 1883ರಲ್ಲಿ ಹೊರಬಂದರು. ಇದೇ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ‘ಸ್ವಯಂ’ ಉಪಗ್ರಹ 2016ರ ಜೂನ್ 22ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ34 ರಾಕೆಟ್ ಏರಿ ಕಕ್ಷೆ ಸೇರಿತು. ಅಂದು ರಾಕೆಟ್ ಹೊತ್ತೊಯ್ದ 20 ಉಪಗ್ರಹಗಳಲ್ಲಿ ಹಿರಿಯಣ್ಣ ಕಾರ್ಟೊಸ್ಯಾಟ್-2 ಸರಣಿಯದು. ಅದರ ತೂಕ 700 ಕಿಲೋ ದಾಟಿತ್ತು. ಸ್ವಯಂ ಬರೀ ಒಂದು ಕಿಲೋ, ಅಂಗೈಯಲ್ಲಿ ಕೂರುವ ಪೆಟ್ಟಿಗೆ.

ಕೆಲಸ ಶುರುವಾದದ್ದು 2008ರಲ್ಲಿ. ಕಾಲೇಜಿನ ಓದು ನಾಲ್ಕೇ ವರ್ಷ. ಹಾಗಾಗಿ ಹಿರಿಯರು ಪದವಿ ಮುಗಿಸಿ ಹೊರಟಾಗಲೆಲ್ಲ ಕಿರಿಯರು ಅವರ ನಕ್ಷೆ, ಲೆಕ್ಕ, ತಪ್ಪುಗಳನ್ನೆಲ್ಲ ಕಲಿತು ಮುಂದುವರಿಸಬೇಕಿತ್ತು.

ಕಟ್ಟುವುದಕ್ಕಿಂತ ಪರೀಕ್ಷೆ ಕಠಿಣ. ರಾಕೆಟ್ಟಿನ ಅದುರಾಟವನ್ನು ತಾಳುತ್ತದೆಯೇ ಎಂದು ಉಪಗ್ರಹವನ್ನು ಕಂಪನದ ಮೇಜಿಗೆ ಬಿಗಿದು ಅಲುಗಿಸಬೇಕು. ಗಾಳಿ ತೆಗೆದ ಕೋಣೆಯಲ್ಲಿಟ್ಟು ಕಾಯಿಸಬೇಕು, ತಣಿಸಬೇಕು. ಕಕ್ಷೆಯಲ್ಲಿ ಸುಮಾರು ಒಂದೂವರೆ ಗಂಟೆಗೊಂದು ಸುತ್ತು; ಪ್ರತಿ ಸುತ್ತಿನಲ್ಲೂ ಬಿಸಿಲು, ನೆರಳು. ಮೇಲೆ ಹೋದಮೇಲೆ ಒಂದು ತಿರುಪನ್ನೂ ಬಿಗಿ ಮಾಡಲಾಗದು. ಆದ್ದರಿಂದ ಎಂಜಿನಿಯರಿನ ನಿಷ್ಠೆಯೆಲ್ಲ ನೆಲದ ಮೇಲೆಯೇ ತೀರ್ಮಾನವಾಗುತ್ತದೆ.

ಸ್ವಯಂನ ಸೊಗಸು ಅದರ ಹೆಸರಲ್ಲೇ ಇದೆ. ಭೂಮಿಯ ಕಾಂತಕ್ಷೇತ್ರಕ್ಕೆ ದಿಕ್ಸೂಚಿಯ ಮುಳ್ಳಿನಂತೆ ಒಡ್ಡಿಕೊಂಡು ಅದು ತಾನಾಗಿ ತಿರುಗಿ ನಿಲ್ಲಬೇಕು. ಒಳಗಿನ ಅಯಸ್ಕಾಂತ ದಿಕ್ಕು ಹಿಡಿಸಿದರೆ, ಕಾಂತೀಯ ಸರಳುಗಳು ಓಲಾಟವನ್ನು ಮೆಲ್ಲಗೆ ಅಡಗಿಸುತ್ತವೆ. ಇದಕ್ಕೆ ವಿದ್ಯುತ್ತಿನ ಖರ್ಚಿಲ್ಲ. ಹ್ಯಾಮ್ (ಹವ್ಯಾಸಿ) ರೇಡಿಯೊ ಬಳಸುವವರ ಸಂದೇಶವನ್ನು ಒಂದೆಡೆಯಿಂದ ಪಡೆದು ಇನ್ನೊಂದೆಡೆಗೆ ಮುಟ್ಟಿಸುವುದು ಅದಕ್ಕೆ ವಹಿಸಿದ ಕೆಲಸ.

ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ವಿಶ್ವೇಶ್ವರಯ್ಯನವರು ಹಾಕಿಸಿದ ಬಾಗಿಲುಗಳೂ ಹೀಗೆಯೇ: ನೀರು ಏರಿದರೆ ತಾವಾಗಿ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ಪ್ರಕೃತಿಯ ಬಲವನ್ನೇ ಕೆಲಸಕ್ಕೆ ಹಚ್ಚುವ ಜಾಣ್ಮೆ ಅಲ್ಲಿಯೂ ಇಲ್ಲಿಯೂ ಒಂದೇ.

ನಮ್ಮ ಊರುಗಳ ಕಾಲೇಜುಗಳೂ ಇಂಥ ದೀರ್ಘ ಕೆಲಸಕ್ಕೆ ಮಕ್ಕಳನ್ನು ತೊಡಗಿಸಲಿ. ಅಂಕಪಟ್ಟಿ ಒಬ್ಬೊಬ್ಬರದು, ಉಪಗ್ರಹ ಎಲ್ಲರದು.