ಅಂಕಕ್ಕೆ ಮುಂಚೆ ಕಿವಿ ಕೊಡೋಣ

ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನವಿಡೀ ಇಂಗ್ಲಿಷ್ ಚೀಟಿ ಓದುವ ನನಗೆ ಹತ್ತನೇ ತರಗತಿಯ ಮಗಳ ಇಂಗ್ಲಿಷ್ ಪಾಠ ಅರ್ಥವಾಗಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಇಂಗ್ಲಿಷ್ ಎಂದರೆ ಗೈಡ್ ಬಾಯಿಪಾಠ. ಅವಳಿಗೂ ಅದನ್ನೇ ಹೇಳಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಇಳಿಯಿತು. ಬೈದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಪೋಷಕರ ಸಭೆಯಲ್ಲಿ ಟೀಚರ್ ಬಿಡಿಸಿ ಹೇಳಿದರು. ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ: ಓದಿ ಗ್ರಹಿಸುವುದಕ್ಕೆ 20, ಬರವಣಿಗೆ-ವ್ಯಾಕರಣಕ್ಕೆ 20, ಸಾಹಿತ್ಯಕ್ಕೆ 40. ಉಳಿದ 20 ಅಂಕ ಶಾಲೆಯಲ್ಲೇ. ಕಿರುಪರೀಕ್ಷೆ, ತರಗತಿಯ ಚಟುವಟಿಕೆ, ಪೋರ್ಟ್‌ಫೋಲಿಯೊ, ಕೇಳುವ-ಮಾತಾಡುವ ಪರೀಕ್ಷೆ, ತಲಾ 5. ಪಾಠದ ಮೇಲಿನ ಪ್ರಶ್ನೆಗಳೂ "ಏನಾಯಿತು" ಎಂದಷ್ಟೇ ಕೇಳುವುದಿಲ್ಲ. "ಏಕೆ ಹಾಗಾಯಿತು" ಎನ್ನುತ್ತವೆ. ಅದಕ್ಕೆ ಬಾಯಿಪಾಠ ಸಾಲದು.

ಅಂದಿನಿಂದ ಡ್ಯೂಟಿ ಮುಗಿಸಿ ಬಂದು ಅರ್ಧ ಗಂಟೆ ಅವಳ ಜೊತೆ ಕೂರತೊಡಗಿದೆ. ಪಾಠವನ್ನು ಜೋರಾಗಿ ಓದಿ, ಇಂಗ್ಲಿಷಿನಲ್ಲೇ ನನಗೆ ವಿವರಿಸಬೇಕು. 'ಫಸ್ಟ್ ಫ್ಲೈಟ್' ಪುಸ್ತಕದಲ್ಲಿ ನಮ್ಮ ಕೊಡಗಿನ ಪಾಠ ಬಂತು. "ಅಪ್ಪಾ, ನೀವು ನೋಡಿದ್ದೀರಾ?" ಎಂದಳು. ಮಡಿಕೇರಿಯ ಮಳೆಯಲ್ಲಿ ನೆನೆದ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಬರೆದಳು. ಆ ಪುಟ ಪೋರ್ಟ್‌ಫೋಲಿಯೊ ಸೇರಿತು.

ನಮ್ಮ ಇಂಗ್ಲಿಷ್ ಕಮ್ಮಿ ಎಂದು ಹಿಂಜರಿಯಬೇಡಿ. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದವರು ವಿಡಿಯೊ ಕರೆಯಲ್ಲೂ ಇದನ್ನು ಮಾಡಬಹುದು. "ಎಷ್ಟು ಅಂಕ ಬಂತು?" ಎನ್ನುವ ಮುಂಚೆ "ಇವತ್ತು ಏನು ಓದಿದೆ, ಹೇಳು ಮಗಾ" ಎನ್ನಿ.