ಸೊಂಟದ ಕೃತಕ ಕೀಲು: ನೋವು ಉಳಿದರೆ ಏನು ಮಾಡಬೇಕು?

ಶೆಟ್ಟಿಹಳ್ಳಿ ಕಡೆಯ ಸದಸ್ಯರೊಬ್ಬರು ಅಡಿಕೆ ತಂದಾಗ ಹೀಗೆ ಕೇಳಿದರು: "ಸ್ವಾಮಿ, ಸೊಂಟದ ಕೀಲು ಬದಲಾಯಿಸಿ ಎರಡು ವರ್ಷ ಆಯ್ತು. ನಡೆಯೋಕೆ ಹೊರಟರೆ ತೊಡೆ ನೋವು. ಒಳಗೆ ಯಾವ ಕೀಲು ಹಾಕಿದ್ದಾರೋ ಗೊತ್ತಿಲ್ಲ. ಚೀಟಿ ಎಲ್ಲೋ ಕಳೆದುಹೋಯ್ತು." ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಮರದಿಂದ ಬಿದ್ದು ತೊಡೆಮೂಳೆಯ ಕತ್ತು ಮುರಿದವರೂ ವಯಸ್ಸಾಗಿ ಕೀಲು ಸವೆದವರೂ ನಮ್ಮ ತೋಟಗಳಲ್ಲಿ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಸದಸ್ಯರೆಲ್ಲರೂ ತಿಳಿದಿರುವುದು ಒಳ್ಳೆಯದು.

ಈ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಜನರ ನೋವು ಹೋಗುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಬ್ಬರಿಗೆ ಬಹುಕಾಲ ನೋವು ಉಳಿಯುವುದುಂಟು. ಅದಕ್ಕೆ ಕಾರಣಗಳು ಹಲವು. ಕೀಲಿನ ರಚನೆಯೂ ಅವುಗಳಲ್ಲಿ ಒಂದು.

ಕೀಲಿನ ರಚನೆ

ಕೃತಕ ಕೀಲಿನಲ್ಲಿ ಮುಖ್ಯವಾಗಿ ಮೂರು ಭಾಗಗಳು: ಸೊಂಟದ ಮೂಳೆಯಲ್ಲಿ ಕೂರುವ ಬಟ್ಟಲು, ಅದರೊಳಗೆ ತಿರುಗುವ ಗುಂಡು, ತೊಡೆಮೂಳೆಯೊಳಗೆ ಇಳಿಯುವ ಲೋಹದ ದಂಡ. ಪಂಪ್‌ಸೆಟ್ಟಿನ ಬೇರಿಂಗಿನಂತೆ ಇಲ್ಲಿಯೂ ಉಜ್ಜುವ ಜಾಗವೇ ಸವೆಯುವ ಜಾಗ.

ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಬಟ್ಟಲನ್ನು ಬಳಸಿದರು. ಅದು ಕೆಲವೇ ವರ್ಷಗಳಲ್ಲಿ ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸ ಕೆರಳಿತು. 1962ರಲ್ಲಿ ಅವರು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಬದಲಾಯಿಸಿದ ಮೇಲೆಯೇ ಈ ಚಿಕಿತ್ಸೆ ನೆಲೆಗೊಂಡಿತು.

ನೋವು ಎಲ್ಲಿದೆ ಎಂಬುದು ಮುಖ್ಯ

ತೊಡೆಯ ನಡುವೆ ನೋವಿದ್ದರೆ ದಂಡದ ಕಡೆ ಗಮನ ಹರಿಸಬೇಕು. ಕೋಬಾಲ್ಟ್-ಕ್ರೋಮಿಯಂ ಲೋಹವು ಮೂಳೆಗಿಂತ ಹತ್ತು ಪಟ್ಟಿಗೂ ಹೆಚ್ಚು ಬಿಗಿ. ಟೈಟೇನಿಯಂ ಅದರ ಸುಮಾರು ಅರ್ಧದಷ್ಟು. ಎಳೆಯ ಅಡಿಕೆ ಸಸಿಗೆ ಕಬ್ಬಿಣದ ಪೈಪು ಕಟ್ಟಿದರೆ, ಗಾಳಿಗೆ ಸಸಿ ಬಳುಕುವುದು ಪೈಪು ಮುಗಿಯುವಲ್ಲಿಯೇ. ಹಾಗೆಯೇ ಬಿಗಿಯಾದ ದಪ್ಪ ದಂಡದ ತುದಿಯಲ್ಲಿ ಮೂಳೆಗೆ ಒತ್ತಡ ಬೀಳುತ್ತದೆ. ದಂಡ ಸಡಿಲವಾದರೂ ಹೆಜ್ಜೆ ಇಡುವಾಗ ಅಲ್ಲಿಯೇ ನೋಯುತ್ತದೆ.

ತೊಡೆಸಂದಿಯಲ್ಲಿ ನೋವಿದ್ದರೆ ಬಟ್ಟಲನ್ನು ಪರೀಕ್ಷಿಸಬೇಕು. ಬಟ್ಟಲಿನ ಅಂಚು ಮುಂದಕ್ಕೆ ಚಾಚಿಕೊಂಡಿದ್ದರೆ ಮೇಲಿನ ಸ್ನಾಯುರಜ್ಜು ಅದಕ್ಕೆ ಉಜ್ಜುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲು ಕಾಲೆತ್ತಿದಾಗ ಈ ನೋವು ಹೆಚ್ಚು. ಪೃಷ್ಠದ ನೋವಿಗೆ ಕೆಲವೊಮ್ಮೆ ಬೆನ್ನುಮೂಳೆಯೇ ಕಾರಣವಾಗಿರುತ್ತದೆ. ಕೀಲನ್ನು ದೂರಿ ಫಲವಿಲ್ಲ.

ಒಂದು ಕಹಿ ಪಾಠ

ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡೆಪ್ಯೂ ಕಂಪನಿಯ 'ಎಎಸ್‌ಆರ್' ಕೀಲಿನಲ್ಲಿ ಗುಂಡೂ ಲೋಹ, ಬಟ್ಟಲೂ ಲೋಹ. ಬಟ್ಟಲು ಆಳವಿಲ್ಲದ್ದರಿಂದ ಭಾರ ಅಂಚಿನ ಮೇಲೆ ಬಿದ್ದು, ಲೋಹ ಸವೆದು, ಕೋಬಾಲ್ಟ್ ಮತ್ತು ಕ್ರೋಮಿಯಂ ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರಿತು. 2010ರ ಆಗಸ್ಟಿನಲ್ಲಿ ಕಂಪನಿ ಇದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಹಾಕಲಾಗಿತ್ತು. 2017ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು ವಿಚಾರಿಸಿದಾಗ ಪತ್ತೆಯಾಗಿದ್ದವರು ಸಾವಿರಕ್ಕೆ ಸ್ವಲ್ಪ ಹೆಚ್ಚು ಜನ ಮಾತ್ರ. 2018ರಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿದರೂ, ತನ್ನ ಮೈಯಲ್ಲಿರುವುದು ಯಾವ ಕೀಲು ಎಂದು ತಿಳಿಯದವನು ಅದನ್ನು ಕೇಳುವುದಾದರೂ ಹೇಗೆ?

ಸದಸ್ಯರು ಗಮನಿಸಬೇಕಾದವು

1. ಡಿಸ್ಚಾರ್ಜ್ ಚೀಟಿಯ ಜೊತೆಗೆ ಕೀಲಿನ ಸ್ಟಿಕ್ಕರನ್ನೂ ಕೇಳಿ ಪಡೆಯಿರಿ. ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆ ಅದರಲ್ಲಿರುತ್ತವೆ. ಕಳೆದಿದ್ದರೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ.

2. ಶಸ್ತ್ರಚಿಕಿತ್ಸೆ ಆದ ಹೊಸದರ ಎಕ್ಸ್‌ರೇ ಜೋಪಾನವಾಗಿರಲಿ. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರೆ ಕೀಲು ಜರುಗಿದ್ದು ಗೊತ್ತಾಗುತ್ತದೆ.

3. ನೋವು ಎಲ್ಲಿ, ಯಾವಾಗ, ಯಾವ ಕೆಲಸದಲ್ಲಿ ಎಂಬುದನ್ನು ಬರೆದುಕೊಂಡು ವೈದ್ಯರ ಬಳಿಗೆ ಹೋಗಿ.

4. ಜ್ವರ, ಗಾಯದಲ್ಲಿ ಕೀವು, ಹಠಾತ್ತನೆ ಕಾಲೂರಲಾಗದ ನೋವು, ಕಾಲು ಗಿಡ್ಡವಾಗುವುದು – ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವರ್ಷಗಟ್ಟಲೆ ಸುಮ್ಮನಿದ್ದ ಕೀಲು ಹೊಸದಾಗಿ ನೋಯತೊಡಗಿದರೂ ಉಪೇಕ್ಷೆ ಸಲ್ಲದು.

5. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುತ್ತ ಕೂರಬೇಡಿ. ಕೃತಕ ಕೀಲನ್ನು ಎಣ್ಣೆ ತಿಕ್ಕಿ ಎಳೆಸಿಕೊಳ್ಳಲೂ ಬೇಡಿ.

ಎರಡನೆಯ ಅಭಿಪ್ರಾಯ ಬೇಕಾದವರು ಬೆಂಗಳೂರಿನ ಸಂಜಯ್ ಗಾಂಧಿ ಸಂಸ್ಥೆಯಂತಹ ಸರ್ಕಾರಿ ಮೂಳೆ ಚಿಕಿತ್ಸಾ ಆಸ್ಪತ್ರೆಗೆ ಹೋಗಿ ವಿಚಾರಿಸಬಹುದು.

ಪಂಪ್‌ಸೆಟ್ಟಿನ ಬಿಲ್ಲನ್ನು ಹತ್ತು ವರ್ಷ ಜೋಪಾನ ಮಾಡುವವರು ನಾವು. ಮೈಯೊಳಗಿನ ಕೀಲಿನ ಚೀಟಿಯೂ ಪಹಣಿ ಪತ್ರದ ಜೊತೆ ಅದೇ ಪೆಟ್ಟಿಗೆಯಲ್ಲಿರಲಿ.