ನಿಮಗಿದು ಗೊತ್ತೆ? ಪಾಲು ಕೂಡಿದರೆ ಆಸ್ತಿಗಿಂತ ಹೆಚ್ಚು!

ಬೀಜಗಣಿತ ಕಂಡರೆ ಬೆವರುವವರು ಆಸ್ತಿ ಪಾಲನ್ನೂ ಒಂದಿಷ್ಟು ದೂರಬಹುದು. 9ನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಬರೆದ ಬೀಜಗಣಿತ ಗ್ರಂಥದ ಹೆಚ್ಚುಕಡಿಮೆ ಅರ್ಧ ಭಾಗ ಉಯಿಲು, ವಾರಸುದಾರಿಕೆಯ ಲೆಕ್ಕಗಳೇ! ‘ಆಲ್ಜೀಬ್ರಾ’ ಎಂಬ ಹೆಸರು ಬಂದದ್ದೂ ಆ ಗ್ರಂಥದ ಶೀರ್ಷಿಕೆಯಲ್ಲಿರುವ ‘ಅಲ್-ಜಬ್ರ್’ನಿಂದ.

ಇಸ್ಲಾಮಿನಲ್ಲಿ ಮೃತರ ಸಾಲ ತೀರಿಸಿ, ಉಯಿಲು ಇದ್ದರೆ ಅದನ್ನೂ (ಸಾಮಾನ್ಯವಾಗಿ ಮೂರನೇ ಒಂದು ಭಾಗ ಮೀರದಂತೆ) ಪೂರೈಸಿದ ಮೇಲಷ್ಟೇ ಪಾಲು. ಹಲವು ವಾರಸುದಾರರ ಭಾಗವನ್ನು ಕುರಾನೇ ನಿಗದಿ ಮಾಡಿದೆ. ತೊಡಕು ಇರುವುದು ಅಲ್ಲೇ. ಒಬ್ಬಾತ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಂದೆ, ತಾಯಿಯನ್ನು ಬಿಟ್ಟು ತೀರಿಕೊಂಡ ಎನ್ನಿ. ಹೆಂಡತಿಗೆ 1/8, ಹೆಣ್ಣುಮಕ್ಕಳಿಬ್ಬರಿಗೂ ಸೇರಿ 2/3, ತಂದೆಗೆ 1/6, ತಾಯಿಗೆ 1/6. ಕೂಡಿ ನೋಡಿ: 27/24!

ಮಸೀದಿಯ ಪ್ರವಚನ ಪೀಠದಲ್ಲಿದ್ದ ಖಲೀಫ ಅಲಿಯವರಿಗೆ ಯಾರೋ ಇದನ್ನೇ ಕೇಳಿದರಂತೆ. ಹೆಂಡತಿಯ ಎಂಟನೇ ಒಂದು ಭಾಗ ಒಂಬತ್ತನೇ ಒಂದಾಯಿತು ಎಂದು ಅವರು ನಿಂತಲ್ಲೇ ಉತ್ತರಿಸಿದರು ಎನ್ನುತ್ತದೆ ಸುನ್ನಿ ಪರಂಪರೆ. ಆಸ್ತಿಯನ್ನು 24ರ ಬದಲು 27 ಭಾಗ ಮಾಡಿದರೆ ಕೊರತೆ ಎಲ್ಲರಿಗೂ ಹಂಚಿಹೋಗುತ್ತದೆ. ಈ ಉಪಾಯದ ಹೆಸರು ‘ಔಲ್’. ಶಿಯಾ ಪಂಥ ಇದನ್ನು ಒಪ್ಪುವುದಿಲ್ಲ. ಅಲ್ಲಿ ಇಂಥ ಪ್ರಸಂಗದಲ್ಲಿ ಹೆಂಡತಿಯ 1/8 ಹಾಗೇ ಉಳಿದು, ಕಡಿತ ಬೀಳುವುದು ಹೆಣ್ಣುಮಕ್ಕಳ ಪಾಲಿಗೆ.